ಡಿಸ್ಕಮ್ಮನ ಹತ್ತು ದಿನದ ರಜೆ

ಅವಳಿಗೆ ಹೆತ್ತವರಿಟ್ಟ ಹೆಸರೊಂದಿತ್ತು. ಹಾಜರಿ ಪುಸ್ತಕವನ್ನು ಬಿಟ್ಟರೆ ಅದನ್ನು ಬೇರೆ ಯಾರೂ ಬಳಸುತ್ತಿರಲಿಲ್ಲ. ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಗಟ್ಟಿಯಾಗಿ ಓದಿಸಿ, ಆ ದನಿಯನ್ನು ಕಂಪ್ಯೂಟರಿನಲ್ಲಿ ಹಿಡಿದಿಡುವ ಗ್ರಂಥಾಲಯ ಅದು. ಅಲ್ಲಿ ಅವಳು ಎಲ್ಲರಿಗೂ ಡಿಸ್ಕಮ್ಮ. ಗಂಡನೂ ಒಮ್ಮೊಮ್ಮೆ ಮರೆತು ಹಾಗೇ ಕರೆದು ನಾಲಿಗೆ ಕಚ್ಚಿಕೊಳ್ಳುತ್ತಿದ್ದ.

ಸೇರಿದ್ದು ಟೈಪಿಸ್ಟ್ ಆಗಿ. ಟೈಪ್ ಮಷೀನು ಮೂಲೆ ಸೇರಿ ಕಂಪ್ಯೂಟರ್ ಬಂದಾಗ ಅದನ್ನು ಮುಟ್ಟಲು ಹೆದರದವಳು ಅವಳೊಬ್ಬಳೇ. ಹಾಗಾಗಿ ಒಂದೊಂದಾಗಿ ಬಂದ ಐದೂ ಯಂತ್ರಗಳು ಅವಳ ಕೊರಳಿಗೇ ಬಿದ್ದವು. ಮೂರು ಓದುವ ಕೋಣೆಗಳಲ್ಲಿ ಮೂರು, ತಿದ್ದುವ ಕೋಣೆಯಲ್ಲಿ ಒಂದು, ಆಫೀಸಿನಲ್ಲಿ ಒಂದು. ಇವಲ್ಲದೆ ಹಿಂದಿನ ತಣ್ಣನೆಯ ಕೋಣೆಯಲ್ಲಿ ದೊಡ್ಡ ಡಿಸ್ಕುಗಳ ಪೆಟ್ಟಿಗೆಯೊಂದಿತ್ತು. ಓದಿದ ಪುಸ್ತಕಗಳೆಲ್ಲ ಹೋಗಿ ಬೀಳುವುದು ಅದರೊಳಗೆ. ಎಲ್ಲರೂ ಅದನ್ನು ಉಗ್ರಾಣ ಎನ್ನುತ್ತಿದ್ದರು. ಯಾವ ಯಂತ್ರದ ಮುಂದೆ ಕೂತರೂ ಉಗ್ರಾಣ ಆ ಯಂತ್ರದ ಹೊಟ್ಟೆಯಲ್ಲೇ ಇರುವಂತೆ ಕಾಣುತ್ತಿತ್ತು. ಓದುವವರು ಬಾಯಿ ತೆರೆದರೆ ದನಿ ನೇರವಾಗಿ ಅಲ್ಲಿಗೆ ಹೋಗಿ ಕೂರುತ್ತಿತ್ತು.

ಕೂತಲ್ಲಿ ಕೂರುವ ಜಾಯಮಾನ ಅವಳದಲ್ಲ. ಮನೆಯಲ್ಲಿ ನೀರಿನ ಟ್ಯಾಂಕಿನ ಮುಚ್ಚಳ ತೆಗೆದು ಇಣುಕುವಳು, ಗ್ಯಾಸಿನ ಸಿಲಿಂಡರನ್ನು ಅಲ್ಲಾಡಿಸಿ ನೋಡುವಳು, ಬೀಗ ಹಾಕಿ ಹತ್ತು ಹೆಜ್ಜೆ ಹೋದವಳು ತಿರುಗಿ ಬಂದು ಅದನ್ನು ಜಗ್ಗುವಳು. ಸೈಕಲ್ ರಿಪೇರಿ ಮಾಡುವ ಗಂಡ, ತನ್ನ ಎದೆಯ ಮೇಲೂ ಒಂದು ಮೀಟರ್ ಕೂರಿಸಿಬಿಟ್ಟರೆ ಬಂದು ಬಂದು ನೋಡಿಕೊಂಡು ಹೋಗಬಹುದಲ್ಲ ಎಂದು ರೇಗಿಸುತ್ತಿದ್ದ. ಆಫೀಸಿನಲ್ಲಿ ಬೆಳಗ್ಗೆ, ಮಧ್ಯಾಹ್ನ, ಸಂಜೆ ಮೂರು ಸುತ್ತು. ಯಂತ್ರದಿಂದ ಯಂತ್ರಕ್ಕೆ ಹೋಗಿ, ಎಲ್ಲೆಲ್ಲಿ ಎಷ್ಟು ಜಾಗ ಖಾಲಿ ಇದೆ ಎಂದು ಕೇಳಿ, ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವಳು. ಜಾಗ ಕಡಿಮೆಯಾಗುತ್ತ ಬಂದರೆ ಸಿಕ್ಕಸಿಕ್ಕವರ ತಲೆ ತಿನ್ನುವಳು. ಇದು ಬೇಕಾ, ಅದು ಬೇಕಾ, ಒಂದೇ ಪುಸ್ತಕವನ್ನು ಮೂರು ಕಡೆ ಯಾಕೆ ಇಟ್ಟುಕೊಂಡಿದ್ದೀರಿ? ಅವಳು ಬರುವುದು ಕಂಡರೆ ತಿದ್ದುವ ಕೋಣೆಯವರು ಸುಮ್ಮನೆ ಎದ್ದು ಟೀ ಕುಡಿಯಲು ಹೊರಡುತ್ತಿದ್ದರು.

ಈ ಸುತ್ತಾಟದ ಹಿಂದೆ ಒಂದು ಗಾಯವಿತ್ತು. ಹನ್ನೊಂದು ವರ್ಷದ ಹಿಂದೆ ನಿವೃತ್ತ ಮೇಷ್ಟ್ರೊಬ್ಬರು ಒಂದು ದಪ್ಪ ಕಾದಂಬರಿಯನ್ನು ಓದುತ್ತಿದ್ದರು. ಗಂಟಲು ಕೆಟ್ಟಿತ್ತು. ಅಧ್ಯಾಯಕ್ಕೊಮ್ಮೆ ಬಿಸಿನೀರು ಕುಡಿದು ಓದುವರು. ಕೊನೆಯ ಮೂರು ಅಧ್ಯಾಯ ಓದಿದ ದಿನ ಡಿಸ್ಕಮ್ಮ ನೆಂಟರ ಮದುವೆಗೆ ಹೋಗಿದ್ದಳು. ಉಗ್ರಾಣ ತುಂಬಿಹೋಗಿತ್ತು. ಪರದೆಯ ಮೇಲೆ ಗಡಿಯಾರ ಓಡುತ್ತಲೇ ಇತ್ತು, ದನಿಯ ಗೆರೆ ಏರಿಳಿಯುತ್ತಲೇ ಇತ್ತು, ಆದರೆ ಒಳಗೆ ಒಂದಕ್ಷರವೂ ಉಳಿದಿರಲಿಲ್ಲ. ಇನ್ನೊಮ್ಮೆ ಓದಿದರಾಯಿತು ಬಿಡಮ್ಮ ಎಂದು ಮೇಷ್ಟ್ರು ಅವಳನ್ನೇ ಸಮಾಧಾನ ಮಾಡಿದರು. ಆಮೇಲಿನ ವಾರ ಅವರ ಗಂಟಲಿಗೆ ಆಪರೇಷನ್ ಆಯಿತು. ಮತ್ತೆ ಅವರು ಮಾತಾಡಲಿಲ್ಲ. ಆ ಮೂರು ಅಧ್ಯಾಯಗಳನ್ನು ಬೇರೆ ಯಾರೋ ಓದಿ ಮುಗಿಸಿದರು. ಕೇಳುವವರು ಇವತ್ತಿಗೂ ಫೋನ್ ಮಾಡಿ, ಮೊದಲಿನವರು ಎಲ್ಲಿ ಹೋದರು ಎಂದು ಕೇಳುತ್ತಾರೆ. ಅಂದಿನಿಂದ ಅವಳು ಎರಡು ದಿನಕ್ಕಿಂತ ಹೆಚ್ಚು ರಜೆ ಹಾಕಿದವಳಲ್ಲ.

ಹೀಗಿರುವಾಗ ಏಳು ಗಂಟೆಯ ಬಸ್ ದಾರಿಯಷ್ಟು ದೂರದಿಂದ ತಂಗಿಯ ಫೋನ್ ಬಂತು. ಮಕ್ಕಳಿಗೆ ಈಜು ಕಲಿಸುವ ತಂಗಿ. ಮದುವೆಯಾದವಳಲ್ಲ. ಅವಳು ಆರು ವರ್ಷದವಳಿದ್ದಾಗ ಅಮ್ಮ ಹೋಗಿ, ಜಡೆ ಹೆಣೆದು ಶಾಲೆಗೆ ಕಳಿಸಿದ್ದು ಅಕ್ಕನೇ. ಈಗ ತಂಗಿಯ ಬೆನ್ನಿನ ಮೂಳೆ ನರವನ್ನು ಒತ್ತಿ ಎಡಗಾಲು ಜೋಮು ಹಿಡಿಯುತ್ತಿತ್ತು. ಬಿಟ್ಟರೆ ಕಾಲೇ ಹೋಗುತ್ತದೆ, ಆಪರೇಷನ್ ಮಾಡಿದರೂ ಖಂಡಿತ ಎನ್ನಲಾಗದು ಎಂದಿದ್ದರು ಡಾಕ್ಟರು.

“ಮೂರು ವಾರ ಬಿಟ್ಟು ಗುರುವಾರ ಅಂತೆ ಅಕ್ಕ” ಎಂದಳು ತಂಗಿ. “ಬರ್ತೀಯಾ ಅಂತ ಕೇಳೋಕೆ ಫೋನ್ ಮಾಡಿಲ್ಲ. ಬಾ ಅಂತ ಹೇಳೋಕೆ ಮಾಡಿದೀನಿ. ಹತ್ತು ದಿನ.”

ಬರುತ್ತೇನೆ ಎಂದುಬಿಟ್ಟಳು. ಫೋನ್ ಇಟ್ಟು ನೋಟ್‌ಬುಕ್ ತೆರೆದಳು. ಸುತ್ತು ಹೊಡೆಯುವವರು ಯಾರು? ಧ್ವನಿಮುದ್ರಣ ನೋಡಿಕೊಳ್ಳುವವರು ಒಳ್ಳೆಯವರೇ. ಮೈಕಿನ ಪಕ್ಕ ಬದುಕಿ ಬದುಕಿ ಮಾತೆಲ್ಲ ಇಳಿದುಹೋಗಿ, ಪಿಸುಮಾತು ಎಂದೇ ಹೆಸರಾದವರು. ಆದರೆ ದನಿ ಬಿಟ್ಟು ಬೇರೇನನ್ನೂ ಅವರು ನೋಡುವವರಲ್ಲ. ಯೋಚಿಸಿ ಯೋಚಿಸಿ ಅವಳಿಗೆ ಹೊಳೆದದ್ದು ಒಂದೇ ದಾರಿ. ತನ್ನ ಸುತ್ತನ್ನು ತನ್ನ ಬದಲು ಹೊಡೆಯುವ ಒಂದು ಪ್ರೋಗ್ರಾಮು ಬರೆಯಬೇಕು.

ಪ್ರೋಗ್ರಾಮು ಬರೆಯುವುದನ್ನು ಯಾರೂ ಅವಳಿಗೆ ಕಲಿಸಿರಲಿಲ್ಲ. ಹಳೆಯ ದಪ್ಪ ಪುಸ್ತಕವೊಂದಿತ್ತು, ಮತ್ತೆ ಬೆರಳುಗಳಿದ್ದವು. ಮಧ್ಯಾಹ್ನದ ಊಟದ ಹೊತ್ತಿನಲ್ಲಿ, ಒಂದು ಕೈಯಲ್ಲಿ ಬ್ರೆಡ್ಡು ಹಿಡಿದು ಬರೆಯತೊಡಗಿದಳು. ಕೆಲಸ ಕೇಳಿದರೆ ಚಿಕ್ಕದು. ಒಂದೊಂದು ಯಂತ್ರಕ್ಕೂ ಹೋಗು. ನಿನ್ನಲ್ಲಿ ಯಾವ ಯಾವ ಡಿಸ್ಕಿದೆ, ಎಷ್ಟು ತುಂಬಿದೆ, ಎಷ್ಟು ಖಾಲಿ ಎಂದು ಕೇಳು. ಬಂದ ಉತ್ತರವನ್ನು ಸಾಲು ಸಾಲಾಗಿ ಜೋಡಿಸು. ಎಲ್ಲ ಕೂಡಿಸಿ ಮೇಲೊಂದು ಮೊತ್ತ ಹಾಕು. ಗಂಟೆಗೊಮ್ಮೆ ನನ್ನ ಫೋನಿಗೆ ಕಳಿಸು.

ಬರೆಯಲು ಕೂತರೆ ಒಂದೊಂದೂ ಹಟ ಹಿಡಿಯಿತು. ಪಟ್ಟಿಯ ತಲೆಬರಹದ ಸಾಲನ್ನೂ ಒಂದು ಡಿಸ್ಕೆಂದು ತಿಳಿದು ಪ್ರೋಗ್ರಾಮು ಅದರ ಜಾಗ ಕೇಳಿತು. ಉದ್ದ ಹೆಸರಿನ ಡಿಸ್ಕು ಎರಡು ಸಾಲಿಗೆ ಮುರಿದು ಬಿದ್ದು ಅಂಕಿಗಳೆಲ್ಲ ಪಕ್ಕದ ಮನೆಗೆ ಸರಿದವು. ಎಲ್ಲಕ್ಕಿಂತ ಕಾಡಿದ್ದು ಆಫೀಸಿನ ಯಂತ್ರದ ಸಿ.ಡಿ. ಯಾವುದಾದರೂ ಡಿಸ್ಕು ತುಂಬುತ್ತ ಬಂದರೆ ಕೂಗಿಕೋ ಎಂದು ಅವಳು ಬರೆದಿದ್ದಳು. ಸಿ.ಡಿ. ಎಂದ ಮೇಲೆ ಅದು ಹುಟ್ಟುತ್ತಲೇ ತುಂಬಿದ್ದು. ಯಾರಾದರೂ ಅದನ್ನು ಒಳಗೆ ಹಾಕಿದ ಕೂಡಲೇ ಆಫೀಸು ಬೆಚ್ಚಿಬೀಳುವಂತೆ ಯಂತ್ರ ಬೊಬ್ಬೆ ಹಾಕುತ್ತಿತ್ತು. ಎರಡು ದಿನ ಎಲ್ಲರೂ ನಕ್ಕರು. ಮೂರನೆಯ ದಿನ ಯಾರೂ ನಗಲಿಲ್ಲ. ಮುಖ್ಯಸ್ಥರು ತಲೆನೋವಿನ ಮಾತ್ರೆ ತರಿಸಿದರು. ರಜೆಗೆ ಇನ್ನು ಐದೇ ದಿನ ಇತ್ತು. ಬೇಸತ್ತು ಅವಳು ಬೊಬ್ಬೆಯನ್ನು ಒಂದೊಂದು ಡಿಸ್ಕಿನಿಂದ ಬಿಡಿಸಿ ಮೇಲಿನ ಮೊತ್ತಕ್ಕೆ ಕಟ್ಟಿದಳು. ಮೊತ್ತ ನೂರು ಜಿಬಿಗಿಂತ ಇಳಿದರೆ ಮಾತ್ರ ಕೂಗು. ಯಂತ್ರ ಸುಮ್ಮನಾಯಿತು.

ಸುಮ್ಮನಾದ ಮೇಲೆ ಅದು ಜಾಣತನ ತೋರಿತು. ತಿದ್ದುವ ಯಂತ್ರದಲ್ಲಿ ಯಾರಿಗೂ ನೆನಪಿಲ್ಲದೆ ಬಿದ್ದಿದ್ದ ನಲವತ್ತು ಜಿಬಿಯ ಒಂದು ಭಾಗವನ್ನು ಹುಡುಕಿಕೊಟ್ಟಿತು. ಅವಳಿಗೆ ತನ್ನ ಮಗುವಿಗೆ ಮೊದಲ ಹಲ್ಲು ಬಂದಷ್ಟು ಸಂತೋಷವಾಯಿತು. ನಾನು ನೋಡದ್ದನ್ನು ಇದು ನೋಡುತ್ತದೆ ಎಂದು ಗಂಡನ ಹತ್ತಿರ ಎರಡು ಸಲ ಹೇಳಿಕೊಂಡಳು.

ಹೊರಡುವ ಹಿಂದಿನ ದಿನ, ಮಂಗಳವಾರ, ಮುಖ್ಯಸ್ಥರು ಕರೆದರು. ಬೇರೊಂದು ಗ್ರಂಥಾಲಯ ತನ್ನಲ್ಲಿದ್ದ ಹಳೆಯ ಧ್ವನಿಪುಸ್ತಕಗಳನ್ನೆಲ್ಲ ಒಂದು ಡಿಸ್ಕಿನಲ್ಲಿ ತುಂಬಿ ಕಳಿಸಿತ್ತು. ಒಟ್ಟು ಆರುನೂರು ಜಿಬಿ. ಅದು ಅವರ ಮೇಜಿನ ಮೇಲೆಯೇ ಇತ್ತು, ನೀಲಿ ದೀಪದ ಕಪ್ಪು ಪೆಟ್ಟಿಗೆ. ವಾರದೊಳಗೆ ವಾಪಸು ಕೊಡಬೇಕು. ಉಗ್ರಾಣ ಹಿಡಿಯುತ್ತದೆಯೇ? ಹಿಂದೆ ಇಂಥ ಮಾತೆತ್ತಿದಾಗಲೆಲ್ಲ ಅವಳು ಆಗದೆಂದು ಎರಡೂ ಕೈ ಆಡಿಸಿಬಿಡುತ್ತಿದ್ದಳು. ಈಗ ಮುಖ್ಯಸ್ಥರು ಅವಳದೇ ಪ್ರೋಗ್ರಾಮಿನ ಹಾಳೆಯನ್ನು ಅವಳ ಮುಂದೆ ಹಿಡಿದರು. ಮೇಲೆ ದಪ್ಪಕ್ಷರದಲ್ಲಿ ಮೊತ್ತ ಎರಡು ಸಾವಿರದ ಐವತ್ತು ಎಂದಿತ್ತು.

ಅವಳ ಒಳಗೆಲ್ಲೋ ಮುಳ್ಳಾಡಿತು. ನೋಟ್‌ಬುಕ್ಕಿನಲ್ಲಿ ಉಗ್ರಾಣದ ಖಾಲಿ ಜಾಗ ನಾನೂರು ದಾಟಿದ ನೆನಪಿರಲಿಲ್ಲ. ಆದರೆ ಪ್ರೋಗ್ರಾಮು ತಾನು ಕಾಣದ್ದನ್ನೂ ಕಂಡಿದೆಯಲ್ಲ. ಒಮ್ಮೆ ಹಿಂದಿನ ಕೋಣೆಗೆ ಹೋಗಿ ನೋಡಿಬಿಡೋಣ ಎಂದು ಕಾಲು ಎದ್ದಿತು. ನೋಡಿದರೆ ಏನಾದರೂ ಸಿಕ್ಕೀತು. ಸಿಕ್ಕರೆ ಬೆಳಗ್ಗೆಯ ಬಸ್ಸು ತಪ್ಪೀತು. ಹುಟ್ಟಿದಂದಿನಿಂದ ಮೊದಲ ಸಲ ಅವಳು ಎದ್ದ ಕಾಲನ್ನು ಕೂರಿಸಿದಳು.

“ಹಿಡಿಯತ್ತೆ ಸಾರ್” ಎಂದಳು.

ನಾಳೆ ಸಂಜೆ ಐದಕ್ಕೆ ತಾವೇ ಶುರು ಮಾಡುವುದಾಗಿ ಮುಖ್ಯಸ್ಥರು ಹೇಳಿದರು. ಗುರುವಾರ ರಾತ್ರಿಯೊಳಗೆ ಎಲ್ಲ ಇಳಿದುಬಿಡುತ್ತದೆ.

ಬುಧವಾರ ಬಸ್ಸಿನಲ್ಲಿ ಏಳು ಗಂಟೆಯಲ್ಲಿ ಆರು ಸಲ ಫೋನ್ ನೋಡಿದಳು. ಮೊತ್ತ ಅಲ್ಲಾಡದೆ ಕೂತಿತ್ತು. ಸಂಜೆ ನಾಲ್ಕಕ್ಕೆ ಆಸ್ಪತ್ರೆಯ ಕೋಣೆಯೊಳಗೆ ಕಾಲಿಟ್ಟ ಕೂಡಲೇ ತಂಗಿ ಕೈ ಚಾಚಿದಳು. ಅಪ್ಪಿಕೊಳ್ಳಲು ಎಂದುಕೊಂಡರೆ, ಅಲ್ಲ, ಫೋನಿಗಾಗಿ.

“ಕೊಡು ಇಲ್ಲಿ. ನಾಳೆ ನಾನು ಒಳಗೆ ಹೋಗೋ ತನಕ ಇದು ನನ್ನ ದಿಂಬಿನ ಕೆಳಗಿರತ್ತೆ. ನಿನ್ನ ಡಿಸ್ಕುಗಳು ನನಗೆ ಸವತಿಯರಿದ್ದ ಹಾಗೆ.”

ಕೊಟ್ಟಳು. ಕೈ ಬರಿದಾಗಿ ಏನು ಮಾಡಲೂ ತೋಚದೆ ಕಿಟಕಿಯ ಚಿಲಕ ಜಗ್ಗಿ ನೋಡಿದಳು, ನೀರಿನ ಜಗ್ಗು ತುಂಬಿಸಿದಳು, ಮಂಚದ ಚಕ್ರಗಳಿಗೆ ತಡೆ ಬಿದ್ದಿದೆಯೇ ಎಂದು ಬಗ್ಗಿ ನೋಡಿದಳು. ದಿಂಬು ಗಂಟೆಗೊಮ್ಮೆ ಗುಂಯ್ ಎನ್ನುತ್ತಿತ್ತು. ತಂಗಿ ಕಣ್ಣು ಮುಚ್ಚಿಕೊಂಡೇ ನಗುತ್ತಿದ್ದಳು. ದೀಪ ಆರಿಸಿದ ಮೇಲೆ ಮಾತ್ರ ನಗು ಹೋಗಿ, ಕಾಲು ಬರದಿದ್ದರೆ ಮಕ್ಕಳನ್ನು ನೀರಿನ ಅಂಚಿನಲ್ಲಿ ಕುರ್ಚಿ ಹಾಕಿಕೊಂಡು ಕಲಿಸಬೇಕಾಗುತ್ತದೆ, ಹಾಗೆ ಕಲಿಸಿದವರನ್ನು ತಾನು ನೋಡಿಲ್ಲ ಎಂದಳು. ಒಳಗೆ ಕರೆದುಕೊಂಡು ಹೋಗುವಾಗ ಬಾಗಿಲವರೆಗೂ ಕೈ ಹಿಡಿದುಕೊಂಡಿರು, ಅಷ್ಟು ಸಾಕು ಎಂದಳು. ಅಕ್ಕ ಮಾತು ಕೊಟ್ಟಳು.

ಗುರುವಾರ ಹತ್ತು ಗಂಟೆಗೆ ನರ್ಸ್ ಬಂದು ತಂಗಿಯ ಕಿವಿಯೋಲೆ, ಕನ್ನಡಕ, ಗಡಿಯಾರಗಳನ್ನು ಬಿಚ್ಚಿಸಿ ಅಕ್ಕನ ಮಡಿಲಿಗೆ ಹಾಕಿದಳು. ದಿಂಬು ಎತ್ತಿದಾಗ ಫೋನೂ ಸಿಕ್ಕಿತು. ಸ್ಟ್ರೆಚರ್ ತರಲು ನರ್ಸ್ ಹೊರಗೆ ಹೋದಳು. ಅಕ್ಕನ ಕಣ್ಣು ತಾನಾಗಿ ಪರದೆಯ ಮೇಲೆ ಬಿತ್ತು.

ಮೊತ್ತ ನೂರ ಎಂಬತ್ತು.

ಆರುನೂರು ಜಿಬಿ ಪೂರ್ತಿ ಇಳಿದರೂ ಸಾವಿರದ ನಾನೂರ ಐವತ್ತು ಉಳಿಯಬೇಕಿತ್ತು. ಇನ್ನೂ ಇಳಿಯುತ್ತಲೇ ಇದೆ. ಆಗಲೇ ಸಾವಿರದ ಎಂಟುನೂರಕ್ಕಿಂತ ಹೆಚ್ಚು ಹೋಗಿದೆ. ಎಲ್ಲಿಗೆ ಹೋಯಿತು? ಕೆಳಗಿನ ಸಾಲುಗಳನ್ನು ಸರಿಸಿದಳು. ಒಂದನೇ ಕೋಣೆ, ಉಗ್ರಾಣ, ಆರು ಜಿಬಿ. ಎರಡನೇ ಕೋಣೆ, ಉಗ್ರಾಣ, ಆರು. ಮೂರನೇ ಕೋಣೆ, ಆರು. ತಿದ್ದುವ ಕೋಣೆ, ಆರು. ಆಫೀಸು, ಆರು.

ಐದು ಮನೆಯ ಹಿತ್ತಲಿಂದ ಒಂದೇ ಬಾವಿಗೆ ಇಣುಕಿ ಐದು ಬಾವಿ ಎಂದು ಬರೆದುಕೊಂಡಿದ್ದಳು. ಐದು ಯಂತ್ರಕ್ಕೂ ತನ್ನದೆಂದು ಕಾಣುವ ಉಗ್ರಾಣವನ್ನು ಪ್ರೋಗ್ರಾಮು ಐದು ಸಲ ಕೂಡಿಸಿತ್ತು. ಇದ್ದದ್ದು ಮುನ್ನೂರ ಎಂಬತ್ತೇ. ಉಳಿದದ್ದು ಆರೇ. ಮೊತ್ತದ ಮಿಕ್ಕ ನೂರ ಐವತ್ತು ಯಂತ್ರಗಳ ಸ್ವಂತ ಡಿಸ್ಕುಗಳದ್ದು, ಅದಕ್ಕೇ ಅದು ನೂರಕ್ಕಿಂತ ಇಳಿಯದೆ ಯಂತ್ರ ಕೂಗಿರಲಿಲ್ಲ. ಹದಿನೇಳು ಗಂಟೆಯಲ್ಲಿ ಇಷ್ಟು ಇಳಿದಿದೆ ಎಂದರೆ ಗಂಟೆಗೆ ಇಪ್ಪತ್ತೆರಡು. ಹತ್ತಕ್ಕೆ ಉಳಿದಿದ್ದ ಆರು ಜಿಬಿ ಕಾಲು ಗಂಟೆಗಷ್ಟೇ ಸಾಲುತ್ತದೆ. ಈಗ ಹತ್ತು ಗಂಟೆ ಏಳು ನಿಮಿಷ.

ಮೊದಲನೇ ಕೋಣೆಯಲ್ಲಿ ವಕೀಲರಮ್ಮ ಕೂತಿರುತ್ತಾರೆ ಎಂಬುದು ಆಗ ನೆನಪಾಯಿತು. ಮುಂದಿನ ವಾರ ಪರೀಕ್ಷೆ ಬರೆಯುವ ಕಣ್ಣು ಕಾಣದ ವಿದ್ಯಾರ್ಥಿಗಾಗಿ ಅವರು ಕಾನೂನಿನ ಪುಸ್ತಕ ಓದುತ್ತಿದ್ದರು. ಗುರುವಾರ ಒಂಬತ್ತರಿಂದ ಹನ್ನೆರಡು. ಎಪ್ಪತ್ತು ದಾಟಿದ ಆ ಹೆಂಗಸು ಇದಕ್ಕಾಗಿ ಎರಡು ಬಸ್ ಬದಲಿಸಿ ಬರುತ್ತಿದ್ದರು. ಗಡಿಯಾರ ಓಡುತ್ತಿರುತ್ತದೆ, ಗೆರೆ ಏರಿಳಿಯುತ್ತಿರುತ್ತದೆ.

ಮುಖ್ಯಸ್ಥರ ಫೋನ್ ಸ್ವಿಚ್ ಆಫ್ ಆಗಿತ್ತು. ಪಿಸುಮಾತು ಮುದ್ರಣದ ಹೊತ್ತಿನಲ್ಲಿ ಫೋನನ್ನು ಹತ್ತಿರವೂ ಇಟ್ಟುಕೊಳ್ಳುವವರಲ್ಲ. ಗ್ರಂಥಾಲಯದ ನಂಬರಿಗೆ ಮಾಡಿದಳು. ಏಳನೇ ಸಲದ ಗಂಟೆಗೆ ಬಾಗಿಲು ಕಾಯುವ ಮುದುಕರು ಎತ್ತಿಕೊಂಡರು. ಎಲ್ಲರೂ ಚಿಕ್ಕಪ್ಪ ಎನ್ನುತ್ತಿದ್ದವರು.

“ಚಿಕ್ಕಪ್ಪ, ಸಾಹೇಬ್ರ ಮೇಜಿನ ಮೇಲೆ ಕಪ್ಪು ಪೆಟ್ಟಿಗೆ ಇದೆಯಲ್ಲ, ನೀಲಿ ದೀಪದ್ದು. ಅದರ ವೈರು ಕಿತ್ತುಬಿಡಿ.”

“ಅಯ್ಯೋ, ಅದನ್ನ ಮುಟ್ಟಿದ್ರೆ ಕೈ ಮುರೀತೀನಿ ಅಂತ ಹೇಳಿ ಹೋಗಿದಾರಮ್ಮ. ಬಾಗಿಲಿಗೂ ಬೀಗ ಹಾಕಿದೆ.”

ಬೀಗದ ಕೈ ಗೋಡೆಯ ಹಲಗೆಯಲ್ಲಿ ಎಡಗಡೆಯಿಂದ ಮೂರನೆಯದು ಎಂದಳು. ಅವರು ಎಣಿಸಿದ್ದು ಕೇಳಿಸಿತು. ಇಲ್ಲೇ ಪಕ್ಕದಲ್ಲಿ ಸ್ಟ್ರೆಚರಿನ ಚಕ್ರ ಕಿರ್ರೆಂದಿತು. ತಂಗಿಯನ್ನು ಎತ್ತಿ ಮಲಗಿಸುತ್ತಿದ್ದರು. ತಂಗಿಯ ಕೈ ಹೊದಿಕೆಯಿಂದ ಹೊರಗೆ ಬಂದು ಗಾಳಿಯಲ್ಲಿ ಹುಡುಕುತ್ತಿತ್ತು. ಒಂದು ನಿಮಿಷ ಎಂದು ಅಕ್ಕ ಬೆರಳು ತೋರಿಸಿದಳು. ಆಸ್ಪತ್ರೆಯವರಿಗೆ ಒಂದು ನಿಮಿಷ ಇರಲಿಲ್ಲ.

ಕೋಣೆಯೊಳಗೆ ದನಿ ಕಡಿದು ಕಡಿದು ಬರುತ್ತಿತ್ತು. ಕಾರಿಡಾರಿಗೆ ಓಡಿ ಗೋಡೆಗೆ ಮುಖ ಮಾಡಿ ನಿಂತಳು. ಆ ಕಡೆ ಚಿಕ್ಕಪ್ಪನ ಚಪ್ಪಲಿ ದೂರ ಹೋಯಿತು. ಬೀಗ ಗಿರಕಿ ಹೊಡೆಯಿತು, ತೆರೆಯಲಿಲ್ಲ. ಚಪ್ಪಲಿ ವಾಪಸು ಬಂತು.

“ಇದು ಆ ಕೈಯಲ್ಲ ಕಣಮ್ಮ. ಸಾಹೇಬ್ರು ಬರ್ಲಿ, ಕೇಳಿಬಿಟ್ಟು...”

“ಬಲಗಡೆಯಿಂದ ಮೂರನೇದು ನೋಡಿ. ಚಿಕ್ಕಪ್ಪ, ನನ್ನ ಮಾತು ಕೇಳಿ. ವಕೀಲರಮ್ಮ ಒಳಗೆ ಓದ್ತಿದಾರೆ. ನೀವು ಕೀಳ್ಲಿಲ್ಲ ಅಂದ್ರೆ ಅವರು ಓದಿದ್ದೆಲ್ಲ ನೀರಿನಲ್ಲಿ ಬರೆದ ಹಾಗೆ. ಮೇಷ್ಟ್ರಿಗೆ ಆದದ್ದು ನೀವೂ ನೋಡಿದೀರಿ. ಕೈ ಮುರಿಯೋಕೆ ಬಂದ್ರೆ ನನ್ನ ಕೈ ಮುರೀಲಿ.”

ಚಪ್ಪಲಿ ಈ ಸಲ ಬೇಗ ಬೇಗ ಹೋಯಿತು. ಅವಳ ಬೆನ್ನ ಹಿಂದೆ ಚಕ್ರಗಳ ಸದ್ದು ಹತ್ತಿರ ಬಂದು ದಾಟಿಹೋಯಿತು. ಎರಡು ರೆಕ್ಕೆಯ ಬಾಗಿಲು ತೆರೆದು ಮುಚ್ಚಿತು. ತಿರುಗುವಷ್ಟರಲ್ಲಿ ಗಾಜಿನಾಚೆ ಹಸಿರು ಬಟ್ಟೆ ಮಾತ್ರ ಕಂಡಿತು.

“ಕಿತ್ತೆ ಕಣಮ್ಮ” ಎಂದರು ಚಿಕ್ಕಪ್ಪ. “ದೀಪ ಹೋಯ್ತು. ಏನ್ ಮಾಡಿದ್ನೋ ಏನೋ.”

ಹತ್ತು ಗಂಟೆ ಹದಿಮೂರು ನಿಮಿಷ.

ಮುಂದಿನ ನಾಲ್ಕು ಗಂಟೆ ಅವಳು ಆ ಕಾರಿಡಾರನ್ನು ಅಳೆದಳು. ಕುರ್ಚಿಗಳಿದ್ದವು, ಕೂತವಳಲ್ಲ. ಮುಚ್ಚಿದ ಬಾಗಿಲ ಹಿಂದೆ ತಂಗಿಯ ಬೆನ್ನು ತೆರೆದುಕೊಂಡು ಬಿದ್ದಿದೆ. ಅಲ್ಲಿ ಇಣುಕಿ ನೋಡಲು, ಎಳೆದು ನೋಡಲು, ಬರೆದುಕೊಳ್ಳಲು ಏನೂ ಇಲ್ಲ. ಕೈ ಹಿಡಿದುಕೊಂಡಿರುತ್ತೇನೆ ಎಂದು ಮಾತು ಕೊಟ್ಟ ಕೈಯಲ್ಲಿ ಫೋನ್ ಇತ್ತು. ಯಾರ ಮೇಲೆ ಸಿಟ್ಟು ಮಾಡುವುದು? ಯಂತ್ರ ಸುಳ್ಳು ಹೇಳಿರಲಿಲ್ಲ. ಐದು ಸಾಲನ್ನೂ ಎದುರಿಗೇ ಇಟ್ಟಿತ್ತು. ನೋಡಬೇಡ ಎಂದು ಕಣ್ಣಿಗೆ ಹೇಳಿದವಳು ಅವಳೇ.

ಹನ್ನೆರಡೂವರೆಗೆ ಪಿಸುಮಾತಿನ ಫೋನ್ ಬಂತು. ವಕೀಲರಮ್ಮನ ಓದು ಪೂರ್ತಿ ಉಳಿದಿದೆಯಂತೆ. ಕೊನೆಯ ವಾಕ್ಯದವರೆಗೂ ತಾವೇ ಕೇಳಿದರಂತೆ. ಉಗ್ರಾಣದಲ್ಲಿ ಉಸಿರಾಡುವಷ್ಟು ಜಾಗ ಇದ್ದುದೇ ಪುಣ್ಯ. ಅವಳು ಅವರನ್ನು ಆಫೀಸಿನ ಯಂತ್ರದ ಮುಂದೆ ಕೂರಿಸಿ, ಫೋನಿನಲ್ಲೇ ಅಕ್ಷರ ಅಕ್ಷರ ಹೇಳಿ ಪ್ರೋಗ್ರಾಮಿಗೆ ಎರಡು ಸಾಲು ಸೇರಿಸಿದಳು. ಒಂದೇ ಹೆಸರಿನ ಉಗ್ರಾಣ ಎರಡನೆಯ ಸಲ ಬಂದರೆ ಅದನ್ನು ಬಿಟ್ಟು ಮುಂದೆ ಹೋಗು. ಸಿ.ಡಿ.ಯನ್ನು ಕೇಳಲೇಬೇಡ, ಉಳಿದ ಯಾವುದು ತುಂಬುತ್ತ ಬಂದರೂ ಕೂಗು. ಅವರು ಪಿಸುಗುಟ್ಟುತ್ತ ಓದಿ ಹೇಳಿದ್ದನ್ನು ಇವಳು ಗಟ್ಟಿಯಾಗಿ ತಿದ್ದುತ್ತಿದ್ದರೆ, ಕಾರಿಡಾರಿನಲ್ಲಿ ಕಾಯುತ್ತಿದ್ದ ಅಪರಿಚಿತರು, ಇವಳು ಯಾರಿಗೋ ಮಂತ್ರ ಹೇಳಿಕೊಡುತ್ತಿದ್ದಾಳೆ ಎಂಬಂತೆ ನೋಡಿದರು.

ಎರಡು ಗಂಟೆಗೆ ಡಾಕ್ಟರು ಹೊರಗೆ ಬಂದರು. ಕೆಲಸ ಚೆನ್ನಾಗಿ ಆಗಿದೆ, ಕಾಲಿನ ಮಾತು ಈಗಲೇ ಹೇಳಲಾಗದು ಎಂದರು. ಸಂಜೆ ತಂಗಿ ಕಣ್ಣು ತೆರೆದಾಗ ಅವರು ಎಡ ಪಾದದ ಬೆರಳು ಆಡಿಸಲು ಹೇಳಿದರು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಕಿರುಬೆರಳು, ಇಷ್ಟೇ ಇಷ್ಟು, ಅಲ್ಲಾಡಿತು. ಡಾಕ್ಟರು ಬರೆದುಕೊಂಡು ಹೋದರು.

ಅಕ್ಕ ಮಂಚದ ಅಂಚಿನಲ್ಲಿ ಕೂತು ಎಲ್ಲವನ್ನೂ ಹೇಳಿದಳು. ಬಾವಿಯದ್ದು, ಚಿಕ್ಕಪ್ಪನದ್ದು, ಮುಖ್ಯಸ್ಥರ ಮುಂದೆ ಎದ್ದ ಕಾಲನ್ನು ಕೂರಿಸಿದ್ದು. ಬೈಸಿಕೊಳ್ಳಲು ತಯಾರಾಗಿ ತಲೆ ತಗ್ಗಿಸಿದ್ದಳು.

“ನಾನು ನೋಡ್ದೆ” ಎಂದಳು ತಂಗಿ. ನಾಲಿಗೆ ಇನ್ನೂ ದಪ್ಪವಾಗಿತ್ತು. “ತಳ್ಕೊಂಡು ಹೋಗ್ತಿದ್ರು. ನೀನು ಗೋಡೆ ಕಡೆ ತಿರುಗಿ ಯಾರಿಗೋ ಜೋರು ಮಾಡ್ತಿದ್ದೆ. ಮೊದ್ಲು ಅಳು ಬಂತು. ಆಮೇಲೆ ಅನ್ನಿಸ್ತು, ಅಕ್ಕ ಎಂದಿನ ಹಾಗೇ ಇದಾಳೆ, ಇವತ್ತು ಏನೂ ಆಗಲ್ಲ ಅಂತ.” ಅಕ್ಕನ ಬೆರಳು ಹಿಡಿದುಕೊಂಡು, “ಆದ್ರೂ ನೀನು ಬರ್ಬೇಕಿತ್ತು” ಎಂದಳು.

“ಬರ್ಬೇಕಿತ್ತು” ಎಂದಳು ಅಕ್ಕ.

ಮುಖ್ಯಸ್ಥರು ಮರುದಿನ ಫೋನ್ ಮಾಡಿದರು. ಅವಳು ತಪ್ಪನ್ನು ಸುತ್ತುಬಳಸದೆ ಒಪ್ಪಿಕೊಂಡಳು. ಚಿಕ್ಕಪ್ಪನನ್ನು ಏನೂ ಅನ್ನಬಾರದು ಎಂದಳು. ಅರ್ಧ ಇಳಿದ ಪುಸ್ತಕಗಳಲ್ಲಿ ಯಾವುದನ್ನು ಅಳಿಸಬೇಕು, ಆ ಪೆಟ್ಟಿಗೆಯನ್ನು ಇನ್ನೊಂದು ತಿಂಗಳು ಇಟ್ಟುಕೊಳ್ಳಲು ಯಾರನ್ನು ಕೇಳಬೇಕು ಎಂದು ಹೇಳಿದಳು. ಅವರು ಎಲ್ಲ ಕೇಳಿಸಿಕೊಂಡು, ಹೇಗೂ ಆಪರೇಷನ್ ಮುಗಿಯಿತಲ್ಲ, ಸೋಮವಾರ ಬಂದುಬಿಟ್ಟರೆ ಎಲ್ಲರಿಗೂ ನೆಮ್ಮದಿ ಎಂದರು. ಅವಳ ಬಾಯಿ ‘ಆಯ್ತು ಸಾರ್’ ಎನ್ನಲು ತೆರೆದೇ ಬಿಟ್ಟಿತ್ತು. ಮಂಚದ ಮೇಲಿಂದ ತಂಗಿ ನೋಡುತ್ತಿದ್ದಳು.

“ಹತ್ತು ದಿನ ಅಂತ ಬರೆದುಕೊಟ್ಟಿದೀನಿ ಸಾರ್. ಹತ್ತು ದಿನ” ಎಂದಳು. ಫೋನ್ ಇಟ್ಟ ಮೇಲೆ ಎದ್ದು ಹೋಗಿ ಕಿಟಕಿಯ ಚಿಲಕವನ್ನು ಮೂರು ಸಲ ಜಗ್ಗಿದಳು.

ಮೂರನೆಯ ದಿನ ಡಾಕ್ಟರು ನಡೆಸಿ ಎಂದರು. ತಂಗಿ ಎರಡೂ ತೋಳು ಅಕ್ಕನ ಕೊರಳಿಗೆ ಹಾಕಿ ನಿಂತಳು. ಅವಳ ಭಾರವೆಲ್ಲ ಅಕ್ಕನ ಹೆಗಲ ಮೇಲಿತ್ತು. ಬಲಗಾಲು ಮುಂದೆ ಬಂತು. ಎಡಗಾಲು ನೆಲವನ್ನು ಉಜ್ಜುತ್ತ, ಯೋಚಿಸುತ್ತ ನಿಂತಿತು. ಅಷ್ಟರಲ್ಲಿ ಬಗಲಿನ ಚೀಲದಲ್ಲಿ ಫೋನ್ ಗುಂಯ್ ಎಂದಿತು. ಅಕ್ಕನ ಮೈಯೆಲ್ಲ ಆ ಕಡೆ ತಿರುಗಿದ್ದು ತಂಗಿಗೆ ಗೊತ್ತಾಯಿತು.

“ನೋಡ್ಕೋ ಬೇಕಾದ್ರೆ. ನಾನು ಗೋಡೆ ಹಿಡ್ಕೋತೀನಿ.”

“ಸುಮ್ನಿರು. ನೀನು ಕಾಲಿಡು ಮೊದ್ಲು.”

ಎಡಗಾಲು ಬಂತು. ಅಂಗೈಯಗಲದಷ್ಟು, ಆದರೆ ಬಂತು. ಅಕ್ಕ ಬೆನ್ನನ್ನು ಗಟ್ಟಿಯಾಗಿ ಹಿಡಿದುಕೊಂಡು ತಾನೊಂದು ಹೆಜ್ಜೆ ಹಿಂದೆ ಸರಿದಳು, ಮುಂದಿನದಕ್ಕೆ ಜಾಗ ಬಿಟ್ಟು.